ಮಗುವಿನ ಮನೆ ಯಾವ ಊರಲ್ಲಿ?

ಮುಲುಂಡ್‌ನಲ್ಲಿರುವ ನಮಗೆ ಗಡಿ ದಾಟುವುದು ದಿನನಿತ್ಯದ ಸಂಗತಿ. ಚೆಕ್ ನಾಕಾ ದಾಟಿದರೆ ಥಾಣೆ, ಸೇತುವೆ ದಾಟಿದರೆ ಐರೋಲಿ. ನನ್ನಂತೆ ಐಟಿ ಕೆಲಸದಲ್ಲಿರುವವರು ಒಂದು ಜಿಲ್ಲೆಯಲ್ಲಿ ತಿಂಡಿ ತಿಂದು ಇನ್ನೊಂದು ಜಿಲ್ಲೆಯಲ್ಲಿ ಲಾಗಿನ್ ಆಗುತ್ತೇವೆ. ಕಂಪನಿ ಹೇಳಿದರೆ ಪುಣೆ, ಬೆಂಗಳೂರು, ಹೈದರಾಬಾದ್. ಹಿಂದೆಯೇ ಸಂಸಾರವೂ ಹೊರಡುತ್ತದೆ. ಸಂಸಾರ ನೆಟ್ಟಗಿರುವ ತನಕ ರಾಜ್ಯದ ಗಡಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಗಂಡ ಹೆಂಡತಿಯ ನಡುವೆ ಮನಸ್ಸು ಮುರಿದು, ಒಬ್ಬರು ಮಗುವಿನ ಕೈ ಹಿಡಿದು ಊರಿನ ಬಸ್ಸು ಹತ್ತಿದ ದಿನ ಆ ಗಡಿ ಗೋಡೆಯಂತೆ ಎದ್ದು ನಿಲ್ಲುತ್ತದೆ.

ಆಗ ಎಲ್ಲರೂ ಕೇಳುವ ಪ್ರಶ್ನೆ, ‘ಮಗು ಯಾರ ಹತ್ತಿರ ಇರಬೇಕು?’ ಆದರೆ ಕಾನೂನು ಅದಕ್ಕೂ ಮೊದಲು ಇನ್ನೊಂದನ್ನು ಕೇಳುತ್ತದೆ: ‘ಇದನ್ನು ತೀರ್ಮಾನಿಸಬೇಕಾದ ಕೋರ್ಟ್ ಯಾವುದು?’ ಮುಲುಂಡ್‌ನವರ ಕೌಟುಂಬಿಕ ನ್ಯಾಯಾಲಯ ಇರುವ ಬಾಂದ್ರಾದ್ದೇ, ತವರಿನ ಉಡುಪಿಯದ್ದೇ, ಹೊಸ ನೌಕರಿಯ ಬೆಂಗಳೂರಿನದ್ದೇ? ಈ ಎರಡನೆಯ ಪ್ರಶ್ನೆಯಲ್ಲೇ ಎಷ್ಟೋ ತಾಯಂದಿರ ವರ್ಷಗಳು, ರಜೆಗಳು, ಕೂಡಿಟ್ಟ ಹಣ ಕರಗಿಹೋಗುತ್ತವೆ. ನಾನು ವಕೀಲೆಯಲ್ಲ, ಎಂಟೆಕ್ ಓದಿದವಳು. ಆದರೆ ನಮ್ಮ ಮಹಿಳೆಯರ ನಡುವೆ ಪಿಸುಮಾತಿನಲ್ಲಿ ಪದೇ ಪದೇ ಬರುವ ಈ ಪ್ರಶ್ನೆಯ ಹಿಂದಿನ ಇತಿಹಾಸವನ್ನು ಓದುತ್ತಾ ಹೋದಂತೆ, ಇದನ್ನು ನಮ್ಮವರೆಲ್ಲ ತಿಳಿದಿರಬೇಕು ಅನ್ನಿಸಿತು.

1890ರ ಒಂದು ಪದ

ಇಂದಿಗೂ ಈ ವಿಷಯದ ಬುನಾದಿ 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆ. ಬ್ರಿಟಿಷರ ಕಾಲದ ಈ ಕಾನೂನು ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರವೂ ಜಾರಿಯಲ್ಲಿದೆ. ಇದರ 9ನೇ ಕಲಮಿನ ಪ್ರಕಾರ, ಮಗುವಿನ ಪಾಲನೆಯ ಅರ್ಜಿಯನ್ನು ಮಗು ‘ಸಾಮಾನ್ಯವಾಗಿ ವಾಸಿಸುವ’ ಸ್ಥಳದ ಕೋರ್ಟಿನಲ್ಲಿ ಹಾಕಬೇಕು. ಮಗುವಿನ ಆಸ್ತಿಯ ವಿಷಯವಾದರೆ ಆಸ್ತಿ ಇರುವ ಊರಿನ ಕೋರ್ಟಿಗೂ ಹೋಗಬಹುದು. ಮಗುವಿನ ವಿಷಯಕ್ಕೆ ಮಾತ್ರ ಮಗುವಿನ ವಾಸವೇ ಅಳತೆಗೋಲು.

ಇಲ್ಲಿ ಎರಡು ಸಂಗತಿ ಗಮನಿಸಬೇಕು. ಒಂದು, ಕಾನೂನು ಕೇಳುವುದು ತಂದೆ ಎಲ್ಲಿ, ತಾಯಿ ಎಲ್ಲಿ ಎಂದಲ್ಲ. ಮಗು ಎಲ್ಲಿ ಎಂದು. ಇನ್ನೊಂದು, ‘ವಾಸಿಸುವ’ ಎಂದಷ್ಟೇ ಹೇಳದೆ ‘ಸಾಮಾನ್ಯವಾಗಿ’ ಎಂಬ ಪದ ಸೇರಿಸಿದ್ದಾರೆ. ಅರ್ಜಿ ಹಾಕಿದ ದಿನ ಮಗು ಎಲ್ಲಿ ಮಲಗಿತ್ತು ಎನ್ನುವುದು ಸಾಲದು. ಅದರ ದಿನಚರಿ ಎಲ್ಲಿ ಬೇರು ಬಿಟ್ಟಿತ್ತು ಎಂದು ನೋಡಬೇಕು. ಎಷ್ಟು ದಿನ ಇದ್ದರೆ ‘ಸಾಮಾನ್ಯ’ ಎಂದು ಮಾತ್ರ ಕಾನೂನು ಹೇಳಲಿಲ್ಲ. ನಂತರದ ಜಗಳಗಳೆಲ್ಲ ಹುಟ್ಟಿದ್ದು ಆ ಖಾಲಿ ಜಾಗದಲ್ಲಿ.

ಮದನಪಲ್ಲಿಯ ಇಬ್ಬರು ಹುಡುಗರು

ಆ ಪದದ ಮೇಲೆ ನಡೆದ ಅತ್ಯಂತ ಪ್ರಸಿದ್ಧ ಮೊಕದ್ದಮೆಯ ಹುಡುಗ ನಮಗೆಲ್ಲ ಗೊತ್ತಿರುವವನೇ: ಜಿಡ್ಡು ಕೃಷ್ಣಮೂರ್ತಿ. ಕೋಲಾರದಿಂದ ದೂರವಲ್ಲದ ಮದನಪಲ್ಲಿಯಲ್ಲಿ ಹುಟ್ಟಿದವರು. ತಾಯಿ ಸಂಜೀವಮ್ಮ ಚಿಕ್ಕಂದಿನಲ್ಲೇ ತೀರಿಕೊಂಡರು. ಸರ್ಕಾರಿ ಕೆಲಸದಿಂದ ನಿವೃತ್ತರಾದ ತಂದೆ ನಾರಾಯಣಯ್ಯ 1909ರಲ್ಲಿ ಮಕ್ಕಳೊಂದಿಗೆ ಮದ್ರಾಸಿನ ಅಡ್ಯಾರ್‌ಗೆ, ಥಿಯಾಸಾಫಿಕಲ್ ಸೊಸೈಟಿಯ ಆವರಣಕ್ಕೆ ಬಂದರು. ಕೃಷ್ಣಮೂರ್ತಿ ಮುಂದೆ ಜಗದ್ಗುರುವಾಗುವ ಹುಡುಗ ಎಂದು ಸೊಸೈಟಿಯವರು ನಂಬಿದರು. 1910ರಲ್ಲಿ ತಂದೆ ಕೃಷ್ಣಮೂರ್ತಿ ಮತ್ತು ತಮ್ಮ ನಿತ್ಯಾನಂದರ ಪಾಲನೆಯನ್ನು ಆ್ಯನಿ ಬೆಸೆಂಟ್ ಅವರಿಗೆ ಬರಹದ ಮೂಲಕ ಒಪ್ಪಿಸಿದರು. ಬೆಸೆಂಟ್ ಹುಡುಗರನ್ನು ಓದಿಗಾಗಿ ಇಂಗ್ಲೆಂಡಿಗೆ ಕರೆದೊಯ್ದರು.

ತಂದೆಗೆ ಮನಸ್ಸು ಬದಲಾಯಿತು. 1912ರಲ್ಲಿ ಅವರು ಚೆಂಗಲ್ಪಟ್ಟು ಜಿಲ್ಲಾ ಕೋರ್ಟಿನಲ್ಲಿ ದಾವೆ ಹೂಡಿದರು. ಅದು ಮದ್ರಾಸ್ ಹೈಕೋರ್ಟಿಗೆ ವರ್ಗವಾಯಿತು. ಬೆಸೆಂಟ್ ತಮ್ಮ ಪರವಾಗಿ ತಾವೇ ವಾದಿಸಿದರು. 1913ರಲ್ಲಿ ಹೈಕೋರ್ಟ್ ಮಕ್ಕಳನ್ನು ತಂದೆಗೆ ಒಪ್ಪಿಸಬೇಕೆಂದಿತು. ಮೇಲ್ಮನವಿಯಲ್ಲೂ ಬೆಸೆಂಟ್ ಸೋತರು. ಕೊನೆಗೆ ಪ್ರಕರಣ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋಯಿತು.

1914ರ ಮೇ ತಿಂಗಳಲ್ಲಿ ಬಂದ ತೀರ್ಪು ಇಡೀ ಲೆಕ್ಕವನ್ನು ತಿರುಗಿಸಿತು. ಹಿಂದೂ ಕುಟುಂಬದಲ್ಲಿ ತಂದೆಯೇ ಸಹಜ ಪೋಷಕ, ಒಮ್ಮೆ ಒಪ್ಪಿಸಿದ ಪಾಲನೆಯನ್ನು ಆತ ಹಿಂತೆಗೆದುಕೊಳ್ಳಬಹುದು ಎಂಬುದನ್ನು ಪ್ರಿವಿ ಕೌನ್ಸಿಲ್ ಒಪ್ಪಿತು. ಆದರೂ ತಂದೆ ಗೆಲ್ಲಲಿಲ್ಲ. ದಾವೆ ಹೂಡುವ ಹೊತ್ತಿಗೆ ಹುಡುಗರು ತಿಂಗಳುಗಳಿಂದ ಇಂಗ್ಲೆಂಡಿನಲ್ಲಿ ಓದುತ್ತಿದ್ದರು. ಅವರು ಚೆಂಗಲ್ಪಟ್ಟು ಜಿಲ್ಲೆಯಲ್ಲಿ ‘ಸಾಮಾನ್ಯವಾಗಿ ವಾಸಿಸುವವರು’ ಎನ್ನಲು ಸಾಧ್ಯವಿಲ್ಲ. ಜಿಲ್ಲಾ ಕೋರ್ಟಿಗೆ ಇಲ್ಲದ ಅಧಿಕಾರ ವರ್ಗಾವಣೆಯಿಂದ ಹೈಕೋರ್ಟಿಗೂ ಬರುವುದಿಲ್ಲ. ಇನ್ನೂ ಒಂದು ಮಾತನ್ನು ಅವರು ಎತ್ತಿದರು: ಇಷ್ಟೆಲ್ಲ ನಡೆದರೂ ಆ ಹುಡುಗರ ಪರವಾಗಿ ಯಾರೂ ಕೋರ್ಟಿನಲ್ಲಿ ನಿಂತಿರಲಿಲ್ಲ, ಅವರ ಇಚ್ಛೆಯನ್ನು ಯಾರೂ ಕೇಳಿರಲಿಲ್ಲ.

ಹಕ್ಕು ಇತ್ತು, ಕೋರ್ಟ್ ತಪ್ಪಾಗಿತ್ತು. ನೂರು ವರ್ಷ ಹಿಂದಿನ ಈ ಪಾಠ ಇವತ್ತಿಗೂ ಹಳತಾಗಿಲ್ಲ.

ಮನೆ ಕದಲಲಿಲ್ಲ, ಗಡಿ ಕದಲಿತು

ಈಗ ನಮ್ಮ ಕಡೆಗೆ ಬರೋಣ. ಆ ದಿನಗಳಲ್ಲಿ ಮುಂಬಯಿಯ ಕನ್ನಡಿಗರಿಗೆ ‘ರಾಜ್ಯ’ ಎಂಬುದೇ ಬೇರೆ ರೂಪದಲ್ಲಿತ್ತು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿದ್ದವು. ಮೇಲಿನ ಕೋರ್ಟ್ ಮುಂಬಯಿ ಹೈಕೋರ್ಟ್. ಮಂಗಳೂರು, ಉಡುಪಿ, ಕಾಸರಗೋಡು ಮದ್ರಾಸಿಗೆ ಸೇರಿದ್ದವು. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಕೈಯಲ್ಲಿ. ಮೈಸೂರು ಸಂಸ್ಥಾನಕ್ಕೆ ತನ್ನದೇ ಕೋರ್ಟ್. ಕೊಡಗು ಇನ್ನೊಂದು ಆಡಳಿತ. ಹಾಗಾಗಿ ಧಾರವಾಡದ ಸೊಸೆ ಮುಂಬಯಿಯಿಂದ ಮಗುವಿನೊಂದಿಗೆ ತವರಿಗೆ ಹೋದರೆ, ಜಿಲ್ಲಾ ಕೋರ್ಟ್ ಬದಲಾದರೂ ಮೇಲೆ ಇದ್ದುದು ಒಂದೇ ಹೈಕೋರ್ಟ್. ಉಡುಪಿಯ ಸೊಸೆಗೆ ಮಾತ್ರ ಪ್ರಾಂತ್ಯವೇ ಬೇರೆ.

ಈ ವ್ಯತ್ಯಾಸ ಏಕೆ ಮುಖ್ಯವೆಂದರೆ, 1890ರ ಕಾಯ್ದೆಯ 14ನೇ ಕಲಮು ಎರಡು ಕೋರ್ಟುಗಳಲ್ಲಿ ಒಂದೇ ಮಗುವಿನ ಪೋಷಕತ್ವದ ಅರ್ಜಿ ನಡೆಯುತ್ತಿದ್ದರೆ ಏನು ಮಾಡಬೇಕೆಂದು ಹೇಳುತ್ತದೆ. ಎರಡೂ ಕೋರ್ಟುಗಳು ತಡೆದು ನಿಲ್ಲಬೇಕು. ಎರಡೂ ಒಂದೇ ಹೈಕೋರ್ಟಿನ ಕೆಳಗಿದ್ದರೆ ಯಾವ ಕೋರ್ಟ್ ಎಂದು ಆ ಹೈಕೋರ್ಟ್ ತೀರ್ಮಾನಿಸಬೇಕು. ಇಲ್ಲವಾದರೆ? ಆಯಾ ರಾಜ್ಯ ಸರ್ಕಾರಗಳಿಗೆ ವರದಿ ಮಾಡಿ ಅವುಗಳ ಆದೇಶದಂತೆ ನಡೆಯಬೇಕು! ಒಂದು ಮಗುವಿನ ವಿಷಯ ಎರಡು ಸರ್ಕಾರಗಳ ಕಡತದಲ್ಲಿ ಕೂರಬೇಕೆಂದು ಬರೆದ ಈ ಸಾಲು ಇಂದಿಗೂ ಪುಸ್ತಕದಲ್ಲಿದೆ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ನಾವು ಹಬ್ಬವಾಗಿ ಆಚರಿಸುವ ಆ ದಿನದಿಂದ ಧಾರವಾಡ ಮತ್ತು ಮುಂಬಯಿ ಎರಡು ಹೈಕೋರ್ಟುಗಳಿಗೆ ಹಂಚಿಹೋದವು. ಅಲ್ಲಿಯವರೆಗೆ ಒಂದೇ ಜಿಲ್ಲೆಯಲ್ಲಿದ್ದ ಮಂಗಳೂರು ಮತ್ತು ಕಾಸರಗೋಡು ಎರಡು ರಾಜ್ಯಗಳಾದವು. ಮರುವರ್ಷ, 1957ರಲ್ಲಿ, ಬೃಹನ್ಮುಂಬಯಿಯ ಗಡಿ ದಹಿಸರ್ ಮತ್ತು ಮುಲುಂಡ್‌ವರೆಗೆ ಬೆಳೆಯಿತು. ಮನೆಗಳು ಇದ್ದಲ್ಲೇ ಇದ್ದವು. ಕಚೇರಿಗಳ ಹೆಸರು ಬದಲಾಯಿತು.

ಅದೇ 1956ರಲ್ಲಿ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪೋಷಕತ್ವದ ಕಾಯ್ದೆಯೂ ಬಂತು. ಸಹಜ ಪೋಷಕ ತಂದೆ, ಅವನ ‘ನಂತರ’ ತಾಯಿ ಎಂದು ಅದು ಬರೆಯಿತು. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು ಎಂದು ತಲೆಮಾರುಗಳಿಂದ ನಂಬಿದ್ದ ತುಳುನಾಡಿನ ಅಳಿಯಸಂತಾನದ ಮನೆಗಳಿಗೂ ಇದೇ ಕಾನೂನು. ಆದರೆ ಅದೇ ಕಾಯ್ದೆ ಇನ್ನೆರಡು ಮಾತನ್ನೂ ಹೇಳಿತು: ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕು, ಪೋಷಕರನ್ನು ನೇಮಿಸುವಾಗ ಎಲ್ಲಕ್ಕಿಂತ ದೊಡ್ಡದು ಮಗುವಿನ ಹಿತ. ‘ನಂತರ’ ಎಂಬ ಪದದ ಬಿಗಿ ಸಡಿಲಾಗಲು 1999ರವರೆಗೆ ಕಾಯಬೇಕಾಯಿತು. ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನ ಬಾಂಡ್ ಅರ್ಜಿಗೆ ತಾಯಿಯ ಸಹಿ ಸಾಲದೆಂದ ರಿಸರ್ವ್ ಬ್ಯಾಂಕಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ‘ನಂತರ’ ಎಂದರೆ ತಂದೆ ಸತ್ತ ನಂತರ ಎಂದೇ ಅರ್ಥವಲ್ಲ. ತಂದೆ ಮಗುವಿನ ಹೊಣೆ ಹೊರದಿದ್ದಾಗ ಅವನು ಬದುಕಿದ್ದರೂ ತಾಯಿ ಸಹಜ ಪೋಷಕಿಯಾಗಬಹುದು ಎಂದು ಕೋರ್ಟ್ ಹೇಳಿತು.

ಹೆಂಡತಿಗೊಂದು ಬಾಗಿಲು, ಮಗುವಿಗೊಂದು ಬಾಗಿಲು

1976ರ ತಿದ್ದುಪಡಿಯಿಂದ ಒಂದು ರಾಜ್ಯದ ಸಿವಿಲ್ ಮೊಕದ್ದಮೆಯನ್ನು ಇನ್ನೊಂದು ರಾಜ್ಯಕ್ಕೆ ವರ್ಗಾಯಿಸುವ ಅಧಿಕಾರ ಸುಪ್ರೀಂ ಕೋರ್ಟಿಗೆ ಬಂತು. 1984ರಲ್ಲಿ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಬಂತು. ಮುಂಬಯಿಯಲ್ಲಿ ಆ ನ್ಯಾಯಾಲಯ ಶುರುವಾದದ್ದು 1989ರಲ್ಲಿ. ಆಮೇಲೆ ಹೆಣ್ಣುಮಕ್ಕಳಿಗೆ ಬಹಳ ಮುಖ್ಯವಾದ ಎರಡು ಬದಲಾವಣೆಗಳಾದವು. ಇವು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ.

2003ರಲ್ಲಿ ಹಿಂದೂ ವಿವಾಹ ಕಾಯ್ದೆಗೆ ತಿದ್ದುಪಡಿ ಬಂದು, ಹೆಂಡತಿ ತಾನು ಈಗ ವಾಸಿಸುತ್ತಿರುವ ಊರಿನ ಕೋರ್ಟಿನಲ್ಲೇ ವಿಚ್ಛೇದನ ಮುಂತಾದ ಅರ್ಜಿ ಹಾಕಬಹುದು ಎಂದಾಯಿತು. ಮದುವೆ ಎಲ್ಲಿ ನಡೆಯಿತು, ಕೊನೆಗೆ ಒಟ್ಟಿಗೆ ಎಲ್ಲಿದ್ದರು ಎಂದು ಹುಡುಕಿಕೊಂಡು ಹೋಗಬೇಕಾಗಿಲ್ಲ. ಆ ಮೊಕದ್ದಮೆ ನಡೆಯುತ್ತಿರುವಾಗ ಮಗುವಿನ ಪಾಲನೆ, ಓದು, ಖರ್ಚಿನ ಬಗ್ಗೆ ಮಧ್ಯಂತರ ಆದೇಶ ಕೊಡುವ ಅಧಿಕಾರ 26ನೇ ಕಲಮಿನಲ್ಲಿ ಅದೇ ಕೋರ್ಟಿಗಿದೆ. ಎರಡನೆಯದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ. ನೊಂದ ಮಹಿಳೆ ತಾತ್ಕಾಲಿಕವಾಗಿ ಇರುವ ಊರಿನ ಮ್ಯಾಜಿಸ್ಟ್ರೇಟ್ ಬಳಿಗೂ ಹೋಗಬಹುದು. ಮಗುವನ್ನು ತಾತ್ಕಾಲಿಕವಾಗಿ ಅವಳ ಸುಪರ್ದಿಗೆ ಕೊಡುವ ಅಧಿಕಾರ ಆ ಮ್ಯಾಜಿಸ್ಟ್ರೇಟರಿಗಿದೆ.

ಹೀಗೆ ಇವತ್ತು ಒಂದೇ ಸಂಸಾರದ ಜಗಳಕ್ಕೆ ಬೇರೆ ಬೇರೆ ಬಾಗಿಲುಗಳಿವೆ. ವಿಚ್ಛೇದನದ ಅರ್ಜಿ ಹೆಂಡತಿ ಇರುವ ಊರಿಗೆ ಹೋಗಬಹುದು. ಹಿಂಸೆಯ ದೂರು ಅವಳು ಆಶ್ರಯ ಪಡೆದ ಊರಿಗೆ ಹೋಗಬಹುದು. ಪೋಷಕತ್ವದ ಅರ್ಜಿ ಮಾತ್ರ ಮಗು ಸಾಮಾನ್ಯವಾಗಿ ವಾಸಿಸುವ ಊರಿಗೇ ಹೋಗಬೇಕು. ಇದಲ್ಲದೆ ಮಗುವನ್ನು ಅಕ್ರಮವಾಗಿ ಇಟ್ಟುಕೊಂಡಿದ್ದಾರೆ ಎಂದು ಹೈಕೋರ್ಟಿಗೆ ಹಾಕುವ ಹೇಬಿಯಸ್ ಕಾರ್ಪಸ್ ಅರ್ಜಿ ಬೇರೆ. ತಾಯಿ ಉಡುಪಿಯಲ್ಲಿ ಒಂದು ಬಾಗಿಲು ತಟ್ಟಿದರೆ, ತಂದೆ ಬಾಂದ್ರಾದಲ್ಲಿ ಇನ್ನೊಂದನ್ನು ತಟ್ಟುತ್ತಾನೆ. ಇಬ್ಬರೂ ಕಾನೂನಿನ ಪ್ರಕಾರವೇ ನಡೆದಿರುತ್ತಾರೆ. ಮಧ್ಯೆ ಮಗುವಿನ ಶಾಲೆಯ ವರ್ಷ ಜಾರಿಹೋಗುತ್ತದೆ.

ಎಷ್ಟು ದಿನ ಇದ್ದರೆ ಮನೆ?

ಅಮೆರಿಕದಲ್ಲಿ ಐವತ್ತು ರಾಜ್ಯಗಳಿಗೂ ತಮ್ಮ ತಮ್ಮ ಕೌಟುಂಬಿಕ ಕಾನೂನು. ಒಂದು ರಾಜ್ಯದಲ್ಲಿ ಸೋತ ತಂದೆಯೋ ತಾಯಿಯೋ ಮಗುವನ್ನು ಇನ್ನೊಂದು ರಾಜ್ಯಕ್ಕೆ ಒಯ್ದು ಹೊಸ ಆದೇಶ ಪಡೆಯುವುದು ಅಲ್ಲಿ ಪಿಡುಗಾಗಿತ್ತು. 1968ರಲ್ಲಿ, ಮತ್ತೆ ಸುಧಾರಿಸಿ 1997ರಲ್ಲಿ, ಎಲ್ಲ ರಾಜ್ಯಗಳಿಗಾಗಿ ಒಂದು ಮಾದರಿ ಕಾನೂನು ರೂಪಿಸಿದರು. ಮೊಕದ್ದಮೆಗೆ ಮುಂಚಿನ ಆರು ತಿಂಗಳು ಮಗು ಎಲ್ಲಿ ವಾಸಿಸಿತ್ತೋ ಅದೇ ಅದರ ತವರು ರಾಜ್ಯ. ಪಾಲನೆಯ ತೀರ್ಮಾನದಲ್ಲಿ ಮೊದಲ ಹಕ್ಕು ಆ ರಾಜ್ಯದ ಕೋರ್ಟಿಗೆ. ಹಿಂಸೆಯಿಂದ ಓಡಿಬಂದವರಿಗಾಗಿ, ಮಗು ಈಗಿರುವ ರಾಜ್ಯದ ಕೋರ್ಟ್ ತುರ್ತಾಗಿ ರಕ್ಷಣೆ ಕೊಡುವ ಅವಕಾಶವನ್ನೂ ಇಟ್ಟರು.

ನಮ್ಮಲ್ಲಿ ಅಂಥ ಎಣಿಕೆ ಇಲ್ಲ. ನಮ್ಮ ನ್ಯಾಯಾಲಯಗಳು ಪ್ರಕರಣದಿಂದ ಪ್ರಕರಣಕ್ಕೆ ಅರ್ಥ ಹುಡುಕುತ್ತಾ ಬಂದಿವೆ. ಒಂದು ಮಾತು ಸಾಮಾನ್ಯವಾಗಿ ಒಪ್ಪಿತವಾಗಿದೆ: ಮಗುವನ್ನು ಬಲವಂತವಾಗಿಯೋ ಗುಟ್ಟಾಗಿಯೋ ಎತ್ತಿಕೊಂಡು ಹೋದ ಮಾತ್ರಕ್ಕೆ ಅದರ ಸಾಮಾನ್ಯ ವಾಸ ಬದಲಾಗುವುದಿಲ್ಲ. 1986ರಲ್ಲಿ ಮಿಷಿಗನ್‌ನ ಶಿಶುಪಾಲನಾ ಕೇಂದ್ರದಿಂದ ಮಗನನ್ನು ಕರೆದುಕೊಂಡು ನೇರ ಭಾರತಕ್ಕೆ ಹಾರಿ, ಪುಣೆಗೆ ಬಂದ ತಂದೆಯೊಬ್ಬನ ವಿರುದ್ಧ ತಾಯಿ ಸುಪ್ರೀಂ ಕೋರ್ಟಿಗೆ ಬಂದಳು. ಅಲ್ಲಿನ ಕೋರ್ಟ್ ಮಗುವನ್ನು ಅವಳಿಗೆ ಒಪ್ಪಿಸಿತ್ತು. ಅದೇ ವರ್ಷ ಮಗು ಅವಳ ಜೊತೆ ಹಿಂತಿರುಗಿತು.

ವಿದೇಶದ ಪ್ರಕರಣಗಳೇ ಹೆಚ್ಚು ಚರ್ಚೆಯಾಗಿರುವುದರಿಂದ, ‘ಸಾಮಾನ್ಯ ವಾಸ’ದ ಅರ್ಥ ತಿಳಿಯಲು ಅವು ಒಳ್ಳೆಯ ಕನ್ನಡಿ. 2011ರ ಒಂದು ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾದಿಂದ ಬಂದ ತಾಯಿ ಮಗನನ್ನು ದೆಹಲಿಯ ಶಾಲೆಗೆ ಸೇರಿಸಿದ್ದಳು. ಮಗ ಅಲ್ಲೇ ಇರಲಿ ಎಂದು ತಂದೆಯೂ ಒಪ್ಪಿದ್ದ ಬರಹ ಇತ್ತು. ದೆಹಲಿಯೇ ಅವನ ಸಾಮಾನ್ಯ ವಾಸ ಎಂದಿತು ಸುಪ್ರೀಂ ಕೋರ್ಟ್. 2019ರ ಇನ್ನೊಂದು ಪ್ರಕರಣದಲ್ಲಿ ತಾಯಿ ಮಕ್ಕಳನ್ನು ಹೈದರಾಬಾದಿಗೆ ಕರೆತಂದು ಕೆಲವೇ ವಾರಗಳಲ್ಲಿ ಅರ್ಜಿ ಹಾಕಿದ್ದಳು. ಮಕ್ಕಳ ಮನೆ ಅಮೆರಿಕವೇ, ಹೈದರಾಬಾದಿನ ಕೋರ್ಟಿಗೆ ಅಧಿಕಾರವಿಲ್ಲ ಎಂದಾಯಿತು.

2022ರದ್ದು ನಮ್ಮ ಬೆಂಗಳೂರಿನ ಪ್ರಕರಣ. ಅಮೆರಿಕದಲ್ಲಿ ಹುಟ್ಟಿ ಬೆಳೆದ ಹುಡುಗನನ್ನು ತಾಯಿ 2020ರ ಮಾರ್ಚ್‌ನಲ್ಲಿ ಇಲ್ಲಿಗೆ ಕರೆತಂದಿದ್ದರು. ತಂದೆಯ ಹೇಬಿಯಸ್ ಕಾರ್ಪಸ್ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಅವನು ಅಮೆರಿಕಕ್ಕೆ ಹಿಂತಿರುಗಬೇಕೆಂದಿತು. ಎರಡು ವರ್ಷ ಇಲ್ಲಿ ಶಾಲೆಗೆ ಹೋದದ್ದು ಸಾಲಲಿಲ್ಲ. ಮಗುವಿನ ಆಸೆ ಏನು ಎಂಬುದನ್ನು ಮಗುವಿನೊಡನೆ ಮಾತಾಡಿ ತಿಳಿಯಬಹುದು, ಆದರೆ ಅದರ ಹಿತ ಯಾವುದು ಎಂಬುದನ್ನು ಕೋರ್ಟೇ ತೀರ್ಮಾನಿಸಬೇಕು ಎಂದು ಆ ತೀರ್ಪು ಬೇರ್ಪಡಿಸಿ ಹೇಳಿತು. 1914ರಲ್ಲಿ ಹುಡುಗರನ್ನು ಯಾರೂ ಕೇಳಿಲ್ಲ ಎಂಬ ಆಕ್ಷೇಪದಿಂದ ಕೇಳಿದ ಮೇಲೂ ಹಿತವನ್ನು ಬೇರೆಯಾಗಿ ಅಳೆಯುವವರೆಗೆ, ಕಾನೂನು ನಡೆದು ಬಂದ ದಾರಿ ಇದು.

ಅಪಹೃತ ಮಕ್ಕಳ ಬಗೆಗಿನ 1980ರ ಹೇಗ್ ಒಪ್ಪಂದಕ್ಕೆ ಭಾರತ ಇನ್ನೂ ಸೇರಿಲ್ಲ. ಸೇರಬೇಕೆಂದು ಕಾನೂನು ಆಯೋಗ 2009ರಲ್ಲಿ ಶಿಫಾರಸು ಮಾಡಿತ್ತು. ಸೇರಿದರೆ, ವಿದೇಶದ ಮುರಿದ ಮದುವೆಯಿಂದ ತಪ್ಪಿಸಿಕೊಂಡು ತವರಿಗೆ ಬಂದ ನಮ್ಮ ಹೆಣ್ಣುಮಕ್ಕಳು ಮಗುವನ್ನು ಹಿಂದಕ್ಕೆ ಕಳಿಸಬೇಕಾಗುತ್ತದೆ ಎಂಬ ಆತಂಕವೂ ಅಷ್ಟೇ ನಿಜ.

ಬಸ್ಸಿನ ಬದಲು ಸ್ಕ್ರೀನ್

ಎರಡು ರಾಜ್ಯಗಳ ನಡುವೆ ಓಡಾಡುವ ಕಷ್ಟ ತಪ್ಪಿಸಲು 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಮೊಕದ್ದಮೆ ವರ್ಗಾಯಿಸುವ ಬದಲು ವಿಡಿಯೊ ಕಾನ್ಫರೆನ್ಸ್ ಬಳಸಬಹುದು ಎಂದಿತು. ಅದೇ ಅಕ್ಟೋಬರ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಎರಡು-ಒಂದರ ಬಹುಮತದಿಂದ ಅದನ್ನು ಬದಲಿಸಿತು. ರಾಜಿಯ ಮಾತುಕತೆಗೆ ಮುಖಾಮುಖಿ ಬೇಕು, ಹೆಣ್ಣಿನ ಗೋಪ್ಯತೆ ಉಳಿಯಬೇಕು ಎಂಬುದು ಬಹುಮತದ ಕಾರಣ. ತಂತ್ರಜ್ಞಾನದ ಪರ ನಿಂತವರು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. ಮೂರು ವರ್ಷ ಕಳೆಯುವುದರೊಳಗೆ ಕೋವಿಡ್ ಬಂದು ಕೋರ್ಟುಗಳೇ ಸ್ಕ್ರೀನಿನ ಮೇಲೆ ನಡೆದವು. ದಿನವಿಡೀ ಸ್ಕ್ರೀನಿನ ಮುಂದೆ ಕೂರುವ ನನಗೆ ಎರಡೂ ವಾದ ಅರ್ಥವಾಗುತ್ತದೆ. ಚಿಕ್ಕ ಮಗುವನ್ನು ಎತ್ತಿಕೊಂಡು ಉಡುಪಿಯಿಂದ ಬಾಂದ್ರಾಕ್ಕೆ ರಾತ್ರಿಯಿಡೀ ಬರುವ ತಾಯಿಗೆ ಪ್ರತಿ ತಾರೀಖಿಗೂ ಅದೇ ಶಿಕ್ಷೆ ಬೇಡ. ಆದರೆ ಜಡ್ಜ್ ಆ ಮಗುವಿನ ಮುಖವನ್ನು ಒಮ್ಮೆಯಾದರೂ ಹತ್ತಿರದಿಂದ ನೋಡಬೇಕು.

ನಾವು ತಿಳಿದಿರಬೇಕಾದದ್ದು

ಆರು ತಿಂಗಳೋ ಒಂದು ವರ್ಷವೋ, ದೇಶದೊಳಗೆ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸಂಸಾರಗಳಿಗೆ ನಮ್ಮಲ್ಲೂ ಒಂದು ಸ್ಪಷ್ಟ ಎಣಿಕೆ ಬರಬೇಕು, ಜೊತೆಗೆ ಹಿಂಸೆಯಿಂದ ಹೊರಬಂದವಳಿಗೆ ತುರ್ತು ಬಾಗಿಲು ತೆರೆದಿರಬೇಕು ಎಂಬುದು ನನ್ನ ಅಭಿಪ್ರಾಯ. 14ನೇ ಕಲಮಿನ ಸರ್ಕಾರಿ ಕಡತದ ಸಾಲನ್ನು ತೆಗೆದು ಆ ತೀರ್ಮಾನವನ್ನು ನ್ಯಾಯಾಲಯಕ್ಕೇ ಬಿಡಬೇಕು.

ಅದು ಆಗುವವರೆಗೆ ನಮ್ಮ ಕೈಯಲ್ಲಿರುವುದು ತಿಳಿವಳಿಕೆ. ‘ಸಾಮಾನ್ಯ ವಾಸ’ ಸಾಬೀತಾಗುವುದು ಚಿಕ್ಕ ಚಿಕ್ಕ ಕಾಗದಗಳಿಂದ: ಶಾಲೆಯ ಪ್ರವೇಶ ಮತ್ತು ಶುಲ್ಕದ ರಸೀದಿ, ಲಸಿಕೆಯ ಕಾರ್ಡು, ಮಕ್ಕಳ ಡಾಕ್ಟರ ಚೀಟಿ, ಬಾಡಿಗೆ ಕರಾರು. ಇವು ಅಮ್ಮನ ಕೈಯಲ್ಲೂ ಇರಲಿ. ಮಗು ಇನ್ನೊಂದು ಊರಲ್ಲಿ ಓದಲಿ ಎಂದು ಇಬ್ಬರೂ ಒಪ್ಪಿದ್ದರೆ ಅದು ಒಂದು ಮೆಸೇಜಿನಲ್ಲಾದರೂ ಬರಹದಲ್ಲಿರಲಿ. ಹಿಂಸೆಯಿದ್ದರೆ ಹೊರಡಲು ಹಿಂಜರಿಯಬೇಡಿ; ಹೋದ ಊರಲ್ಲಿ ತಡಮಾಡದೆ ಕಾನೂನಿನ ಸಲಹೆ ಪಡೆಯಿರಿ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ, ಸಹಾಯವಾಣಿ 15100. ಇದು ಉಪಕಾರವಲ್ಲ, ನಮ್ಮ ಹಕ್ಕು.

1890ರಲ್ಲಿ ಆ ಪದ ಬರೆದವರ ಮನಸ್ಸಿನಲ್ಲಿ ಏನಿತ್ತೋ. ಆದರೆ ತಂದೆಯ ವಿಳಾಸವನ್ನೂ ತಾಯಿಯ ವಿಳಾಸವನ್ನೂ ಬದಿಗಿಟ್ಟು ಮಗುವಿನ ವಿಳಾಸ ಕೇಳಿದ್ದು ಒಳ್ಳೆಯ ಪ್ರಶ್ನೆಯೇ. ಸಂಸಾರ ಮುರಿಯುವ ಹೊತ್ತಿನಲ್ಲಿ ನಾವು ದೊಡ್ಡವರು ಕೋರ್ಟಿಗಿಂತ ಮೊದಲೇ ಅದನ್ನು ಕೇಳಿಕೊಂಡರೆ, ಮಗು ಯಾವ ಊರಲ್ಲಿದ್ದರೂ ಅದರ ಶಾಲೆ, ಗೆಳೆಯರು, ನಿದ್ದೆ ಉಳಿಯುತ್ತವೆ.